ಹ್ಯಾಕಿಂತೋಶ್‌ನಲ್ಲಿ ಮ್ಯಾಕ್‌ಒಎಸ್ ಅಪ್‌ಡೇಟ್: ಮೊದಲು ಇಎಫ್‌ಐ, ಆಮೇಲೆ ಬಟನ್

ಆಪಲ್ ತನ್ನ ಮ್ಯಾಕ್ ಕಂಪ್ಯೂಟರ್‌ಗಳ ಆಪರೇಟಿಂಗ್ ಸಿಸ್ಟಮ್ ಆದ ಮ್ಯಾಕ್‌ಒಎಸ್‌ನ ಟಾಹೋ ಆವೃತ್ತಿಯನ್ನು 2025ರ ಸೆಪ್ಟೆಂಬರ್ 15ರಂದು ಬಿಡುಗಡೆ ಮಾಡಿತು. ಇದರ ಸಂಖ್ಯೆ 26. ಇದಕ್ಕೂ ಮುಂಚಿನ ಸಿಕೋಯಾದ ಸಂಖ್ಯೆ 15. ನಡುವಿನ ಹತ್ತು ಆವೃತ್ತಿ ಎಲ್ಲಿಗೆ ಹೋದವು ಅಂತ ಹುಡುಕಬೇಡಿ. ವರ್ಷಕ್ಕೆ ಹೊಂದುವ ಹಾಗೆ ಲೆಕ್ಕ ಬದಲಾಯಿಸಿದ್ದಾರೆ, ಅಷ್ಟೇ. ಮುಖ್ಯ ವಿಷಯ ಬೇರೆ ಇದೆ. ಇಂಟೆಲ್ ಚಿಪ್ ಇರುವ ಮ್ಯಾಕ್‌ಗಳಿಗೆ ಟಾಹೋನೇ ಕೊನೆಯ ಆವೃತ್ತಿ ಎಂದು ಆಪಲ್ ಆ ವರ್ಷದ ಜೂನ್‌ನಲ್ಲೇ ತಿಳಿಸಿತ್ತು.

ಆಪಲ್ ಕಂಪ್ಯೂಟರ್ ಇಲ್ಲದೆಯೂ ಮ್ಯಾಕ್‌ಒಎಸ್ ಬಳಸುವವರು ಇದ್ದಾರೆ. ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಮದರ್‌ಬೋರ್ಡ್, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಬಿಡಿಬಿಡಿಯಾಗಿ ಕೊಂಡು, ಜೋಡಿಸಿ, ಅದರ ಮೇಲೆ ಮ್ಯಾಕ್‌ಒಎಸ್ ಓಡಿಸುತ್ತಾರೆ. ಇಂಥ ಕಂಪ್ಯೂಟರಿಗೆ ಹ್ಯಾಕಿಂತೋಶ್ ಅನ್ನುತ್ತಾರೆ. ವಿಡಿಯೋ ಎಡಿಟ್ ಮಾಡುವವರು, ಸಂಗೀತ ಮಾಡುವವರು, ಐಫೋನ್ ಆ್ಯಪ್ ಬರೆಯುವವರು ಇವರಲ್ಲಿ ಜಾಸ್ತಿ. ಅವರ ಪರದೆಯ ಮೇಲೂ ‘ಅಪ್‌ಡೇಟ್ ಬಂದಿದೆ’ ಎನ್ನುವ ಸೂಚನೆ ಬರುತ್ತದೆ. ಅಸಲಿ ಮ್ಯಾಕ್ ಇದ್ದವರು ಅದನ್ನು ಒತ್ತಿ ಊಟಕ್ಕೆ ಹೋಗಬಹುದು. ಇವರು ಒತ್ತಿದರೆ ಕಂಪ್ಯೂಟರ್ ಮತ್ತೆ ಏಳದೇ ಇರಬಹುದು.

ಹೀಗೇಕೆ ಆಗುತ್ತದೆ, ಆಗದಂತೆ ಹೇಗೆ ನೋಡಿಕೊಳ್ಳಬೇಕು ಅನ್ನುವುದನ್ನು ಬುಡದಿಂದ ನೋಡೋಣ.

## ಹ್ಯಾಕಿಂತೋಶ್ ಒಳಗೆ ಏನಿರುತ್ತದೆ

ಆಪಲ್ ತನ್ನ ಮ್ಯಾಕ್‌ಗಳನ್ನು ಇಂಟೆಲ್ ಚಿಪ್‌ಗೆ ಬದಲಾಯಿಸುವುದಾಗಿ 2005ರಲ್ಲಿ ಹೇಳಿತು. 2006ರಲ್ಲಿ ಮೊದಲ ಇಂಟೆಲ್ ಮ್ಯಾಕ್‌ಗಳು ಬಂದವು. ಅಲ್ಲಿಂದಾಚೆಗೆ ಮ್ಯಾಕ್‌ನೊಳಗಿನ ಪ್ರೊಸೆಸರ್ ಮತ್ತು ಮಾಮೂಲಿ ಪಿಸಿಯೊಳಗಿನ ಪ್ರೊಸೆಸರ್ ಒಂದೇ ಜಾತಿಯವು ಆದವು. ಹ್ಯಾಕಿಂತೋಶ್ ಸಾಧ್ಯವಾಗಿದ್ದೇ ಇದರಿಂದ. 2020ರಲ್ಲಿ ಆಪಲ್ ತನ್ನದೇ ಚಿಪ್‌ಗೆ ಹೋಯಿತು. ಆಗಲೇ ಈ ದಾರಿ ಮುಗಿಯುವ ಸೂಚನೆ ಸಿಕ್ಕಿತ್ತು.

ಪ್ರೊಸೆಸರ್ ಒಂದೇ ಆದರೆ ಸಾಲದು. ಮ್ಯಾಕ್‌ಒಎಸ್ ಶುರುವಾಗುವಾಗ ಕೆಲವು ಪ್ರಶ್ನೆ ಕೇಳುತ್ತದೆ. ನೀನು ಯಾವ ಮಾಡೆಲ್? ಸೀರಿಯಲ್ ನಂಬರ್ ಏನು? ಫ್ಯಾನ್, ತಾಪಮಾನ ನೋಡಿಕೊಳ್ಳುವ ಆಪಲ್ ಚಿಪ್ ಎಲ್ಲಿದೆ? ಮಾಮೂಲಿ ಪಿಸಿಯಲ್ಲಿ ಇದಕ್ಕೆ ಉತ್ತರ ಇಲ್ಲ. ಉತ್ತರ ಕೊಡಲು ನಡುವೆ ಒಂದು ಚಿಕ್ಕ ತಂತ್ರಾಂಶ ಕೂತಿರುತ್ತದೆ. ಅದೇ ಬೂಟ್‌ಲೋಡರ್. ಹಿಂದೆ ಕ್ಲೋವರ್ ಎನ್ನುವುದು ಬಳಕೆಯಲ್ಲಿತ್ತು. ಈಗ ಬಹುತೇಕ ಎಲ್ಲರೂ ಬಳಸುವುದು ಓಪನ್‌ಕೋರ್. ಅಸಿಡಾಂತೆರಾ ಎಂಬ ಗುಂಪು ಅದನ್ನು ಬೆಳೆಸುತ್ತಿದೆ.

ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆದುಕೊಡುವವರು ಕೂತಿರುತ್ತಾರಲ್ಲ, ಓಪನ್‌ಕೋರ್ ಕೆಲಸ ಹಾಗೆಯೇ. ನಿಮ್ಮ ವಿವರ ಕೇಳಿಕೊಂಡು, ಒಳಗಿನವರು ಒಪ್ಪುವ ನಮೂನೆಯಲ್ಲಿ ತುಂಬಿಸಿ ಕೊಡುತ್ತದೆ. ಕಚೇರಿಯವರು ನಮೂನೆ ಬದಲಾಯಿಸಿದರು ಅಂದುಕೊಳ್ಳಿ. ಹೊರಗೆ ಕೂತವರಿಗೆ ಅದು ಗೊತ್ತಿಲ್ಲದಿದ್ದರೆ ನಿಮ್ಮ ಅರ್ಜಿ ವಾಪಸ್ ಬರುತ್ತದೆ. ಮ್ಯಾಕ್‌ಒಎಸ್ ಅಪ್‌ಡೇಟ್ ಅಂದರೆ ಒಳಗಿನ ನಮೂನೆ ಬದಲಾಗುವುದು.

ಓಪನ್‌ಕೋರ್ ಇರುವುದು ಡಿಸ್ಕಿನಲ್ಲಿ ಕಣ್ಣಿಗೆ ಕಾಣದ ಒಂದು ಚಿಕ್ಕ ಭಾಗದಲ್ಲಿ. ಅದರ ಹೆಸರು ಇಎಫ್‌ಐ ಪಾರ್ಟಿಷನ್. ಸಾಮಾನ್ಯವಾಗಿ 200 ಎಂಬಿ ಇರುತ್ತದೆ. ಅದರೊಳಗೆ ಇಎಫ್‌ಐ ಎಂಬ ಫೋಲ್ಡರ್. ಫೋಲ್ಡರ್‌ನಲ್ಲಿ ಮೂರು ಸಂಗತಿ ಮುಖ್ಯ. ಒಂದು, ಓಪನ್‌ಕೋರ್ ಫೈಲುಗಳು. ಎರಡು, ಕೆಕ್ಸ್ಟ್‌ಗಳು. ಕೆಕ್ಸ್ಟ್ ಅಂದರೆ ಮ್ಯಾಕ್‌ಒಎಸ್‌ನ ಕರ್ನಲ್‌ಗೆ (ಅದರ ತಿರುಳಿಗೆ) ಸೇರಿಕೊಳ್ಳುವ ಡ್ರೈವರ್ ಅಥವಾ ತಿದ್ದುಪಡಿ. ಮೂರು, ಕಾನ್‌ಫಿಗ್ ಫೈಲ್. ಯಾವ ಕೆಕ್ಸ್ಟ್ ಯಾವಾಗ ಹಾಕಬೇಕು, ಮ್ಯಾಕ್‌ಒಎಸ್‌ಗೆ ಯಾವ ಮಾಡೆಲ್ ಎಂದು ಹೇಳಬೇಕು ಎನ್ನುವ ಸೂಚನೆ ಎಲ್ಲ ಅದರಲ್ಲಿ ಬರೆದಿರುತ್ತದೆ.

ಕಾನೂನಿನ ಮಾತನ್ನೂ ಹೇಳಬೇಕು. ಆಪಲ್‌ನ ಪರವಾನಗಿ ಪ್ರಕಾರ ಮ್ಯಾಕ್‌ಒಎಸ್ ಹಾಕಬೇಕಾದದ್ದು ಆಪಲ್ ಬ್ರ್ಯಾಂಡಿನ ಕಂಪ್ಯೂಟರ್ ಮೇಲೆ ಮಾತ್ರ. ಸೈಸ್ಟಾರ್ ಎಂಬ ಅಮೆರಿಕದ ಕಂಪನಿ ಮ್ಯಾಕ್‌ಒಎಸ್ ಹಾಕಿದ ಪಿಸಿಗಳನ್ನು ಮಾರಲು ಹೊರಟಿತ್ತು. ಆಪಲ್ 2008ರಲ್ಲಿ ಕೇಸು ಹಾಕಿತು, 2009ರಲ್ಲಿ ಗೆದ್ದಿತು, 2011ರಲ್ಲಿ ಮೇಲ್ಮನವಿಯಲ್ಲೂ ಗೆದ್ದಿತು. ಮನೆಯಲ್ಲಿ ಮಾಡಿಕೊಂಡವರಿಗೂ ಆ ಪರವಾನಗಿ ಷರತ್ತು ಅನ್ವಯಿಸುತ್ತದೆ. ಏನಾದರೂ ಕೆಟ್ಟರೆ ಆಪಲ್ ಕಡೆಯಿಂದ ಸಹಾಯ ಸಿಗುವುದಿಲ್ಲ.

## ಅಪ್‌ಡೇಟ್ ಆದಾಗ ಕೆಡುವುದು ಏನು

ಆಪಲ್ ಒಂದು ಅಪ್‌ಡೇಟ್ ಬಿಡುವಾಗ ತನ್ನ ಮಾಡೆಲ್‌ಗಳ ಮೇಲೆ ಪರೀಕ್ಷೆ ಮಾಡಿರುತ್ತದೆ. ಬೇಕಾದರೆ ಫರ್ಮ್‌ವೇರನ್ನೂ (ಯಂತ್ರದ ಚಿಪ್‌ನಲ್ಲೇ ಕೂತಿರುವ ತಂತ್ರಾಂಶ) ಅದರ ಜೊತೆಗೇ ಕಳಿಸುತ್ತದೆ. ನಿಮ್ಮ ಅಸೆಂಬಲ್ಡ್ ಪಿಸಿ ಆ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಫರ್ಮ್‌ವೇರ್ ಭಾಗದ ಜವಾಬ್ದಾರಿ ನಿಮ್ಮದೇ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಲಿಲು ಎಂಬ ಕೆಕ್ಸ್ಟ್ ಹೆಚ್ಚುಕಡಿಮೆ ಪ್ರತಿ ಹ್ಯಾಕಿಂತೋಶ್‌ನಲ್ಲೂ ಇದೆ. ಇದು ತಳಪಾಯ. ಗ್ರಾಫಿಕ್ಸ್ ಸರಿಪಡಿಸುವ ವಾಟೆವರ್‌ಗ್ರೀನ್, ಸೌಂಡ್ ಕೊಡುವ ಆಪಲ್‌ಎಎಲ್‌ಸಿ, ಆಪಲ್ ಚಿಪ್‌ನ ಜಾಗದಲ್ಲಿ ಉತ್ತರ ಕೊಡುವ ವರ್ಚುವಲ್‌ಎಸ್‌ಎಂಸಿ ಎಲ್ಲವೂ ಲಿಲು ಮೇಲೆ ನಿಂತಿವೆ. ಲಿಲು ತನಗೆ ಗೊತ್ತಿರುವ ಮ್ಯಾಕ್‌ಒಎಸ್ ಆವೃತ್ತಿವರೆಗೆ ಮಾತ್ರ ಕೆಲಸ ಮಾಡುತ್ತದೆ. ಅದಕ್ಕಿಂತ ಹೊಸ ಆವೃತ್ತಿ ಕಂಡರೆ ಸುಮ್ನೆ ಕೂತುಬಿಡುತ್ತದೆ. ಬೇಕಂತಲೇ ಹಾಗೆ ಬರೆದಿದ್ದಾರೆ. ಗೊತ್ತಿಲ್ಲದ ಕರ್ನಲ್‌ನಲ್ಲಿ ಕೈಯಾಡಿಸುವುದಕ್ಕಿಂತ ದೂರ ಇರುವುದು ಮೇಲು ಎನ್ನುವ ಲೆಕ್ಕ.

ಈಗ ನೀವು ಹಳೇ ಲಿಲು ಇಟ್ಟುಕೊಂಡು ಟಾಹೋಗೆ ಹೋದಿರಿ ಅಂದುಕೊಳ್ಳಿ. ಲಿಲು ಏಳುವುದಿಲ್ಲ. ಅದರ ಜೊತೆ ವಾಟೆವರ್‌ಗ್ರೀನ್ ಕೂಡ ಏಳುವುದಿಲ್ಲ. ಆಪಲ್ ಲೋಗೋ ಬರುತ್ತದೆ, ಗೆರೆ ಅರ್ಧ ಓಡುತ್ತದೆ, ಪರದೆ ಕಪ್ಪಾಗುತ್ತದೆ. ನೋಡುವವರಿಗೆ ಗ್ರಾಫಿಕ್ಸ್ ಕಾರ್ಡೇ ಕೆಟ್ಟಂತೆ ಕಾಣುತ್ತದೆ. ಡಿಸ್ಕಿನಲ್ಲಿರುವ ಮ್ಯಾಕ್‌ಒಎಸ್ ಸರಿಯಾಗಿಯೇ ಕೂತಿದೆ, ಕಾರ್ಡೂ ಸರಿ ಇದೆ. ಹಳೆಯದಾಗಿದ್ದು ಒಂದು ಕೆಕ್ಸ್ಟ್ ಮಾತ್ರ.

ವೈಫೈ ಇನ್ನೂ ಸೂಕ್ಷ್ಮ. ಇಂಟೆಲ್ ವೈಫೈ ಕಾರ್ಡ್‌ಗಳಿಗೆ ಬಳಸುವ ಏರ್‌ಪೋರ್ಟ್‌ಐಟಿಎಲ್‌ಡಬ್ಲ್ಯೂಎಂ ಕೆಕ್ಸ್ಟ್ ಒಂದೊಂದು ಮ್ಯಾಕ್‌ಒಎಸ್‌ಗೆ ಒಂದೊಂದು ಬೇರೆ ಇರುತ್ತದೆ. ಸಿಕೋಯಾಗೂ ಮುಂಚಿನ ಆವೃತ್ತಿಯಾದ ಸೊನೋಮಾ ಒಂದಕ್ಕೇ ಎರಡು ಮಾಡಬೇಕಾಯಿತು: 14.0ಕ್ಕೆ ಒಂದು, 14.4ಕ್ಕೆ ಇನ್ನೊಂದು. ಅಂದರೆ ಚಿಕ್ಕ ಅಪ್‌ಡೇಟ್‌ನಲ್ಲೂ ವೈಫೈ ಹೋಗಬಹುದು.

## ಚಿಕ್ಕದು, ದೊಡ್ಡದು

15.5ರಿಂದ 15.6ಕ್ಕೆ ಹೋಗುವುದು ಚಿಕ್ಕ ಅಪ್‌ಡೇಟ್. ಭದ್ರತಾ ತೂತು ಮುಚ್ಚುವುದು, ಸಣ್ಣಪುಟ್ಟ ದೋಷ ಸರಿಮಾಡುವುದು ಇದರ ಕೆಲಸ. ಇಎಫ್‌ಐ ಸರಿಯಾಗಿ ಇಟ್ಟುಕೊಂಡ ಯಂತ್ರದಲ್ಲಿ ಇವು ಬಹುತೇಕ ತೊಂದರೆ ಇಲ್ಲದೆ ಮುಗಿಯುತ್ತವೆ.

ಸಿಕೋಯಾದಿಂದ ಟಾಹೋಗೆ ಹೋಗುವುದು ಅಪ್‌ಗ್ರೇಡ್. ಇಲ್ಲಿ ಆಪಲ್ ಹಳೇ ಡ್ರೈವರ್‌ಗಳನ್ನೇ ಕಿತ್ತುಹಾಕಿರಬಹುದು. ಹಿಂದೆ ಹೀಗೆ ಸಾಕಷ್ಟು ಆಗಿದೆ. 2021ರ ಮಾಂಟೆರೇಯಲ್ಲಿ ಎನ್‌ವಿಡಿಯಾದ ಕೆಪ್ಲರ್ ಕಾರ್ಡ್‌ಗಳ ಡ್ರೈವರ್ ಹೋಯಿತು. 2023ರ ಸೊನೋಮಾದಲ್ಲಿ ಹಳೇ ಬ್ರಾಡ್‌ಕಾಮ್ ವೈಫೈ ಕಾರ್ಡ್‌ಗಳ ಡ್ರೈವರ್ ಹೋಯಿತು. ಫೆನ್ವಿ ಟಿ919ನಂಥ ಕಾರ್ಡನ್ನು ಹ್ಯಾಕಿಂತೋಶ್ ಮಂದಿ ಹುಡುಕಿ ಕೊಳ್ಳುತ್ತಿದ್ದದ್ದೇ ಅದು ಯಾವ ತಿದ್ದುಪಡಿಯೂ ಇಲ್ಲದೆ ನಡೆಯುತ್ತದೆ ಅಂತ. ಸೊನೋಮಾ ಬಂದ ದಿನ ಆ ಅನುಕೂಲ ಮುಗಿಯಿತು. ಟಾಹೋದಲ್ಲಿ ಆಪಲ್‌ಎಚ್‌ಡಿಎ ಎಂಬ ಸೌಂಡ್ ಡ್ರೈವರ್ ಹೋಯಿತು. ಆಪಲ್‌ಎಎಲ್‌ಸಿ ಕೆಕ್ಸ್ಟ್ ಕೆಲಸ ಮಾಡುತ್ತಿದ್ದದ್ದೇ ಆ ಡ್ರೈವರ್ ಮೇಲೆ. ಹಾಗಾಗಿ ಮದರ್‌ಬೋರ್ಡಿನ ಹಿಂದಿನ ಸ್ಪೀಕರ್ ಪಿನ್‌ನಲ್ಲಿ ಸೌಂಡ್ ಬರುವುದಿಲ್ಲ.

ಗ್ರಾಫಿಕ್ಸ್ ಕಾರ್ಡನ್ನು ಮೊದಲೇ ನೋಡಿಕೊಳ್ಳಿ. ಎಎಂಡಿಯ ಆರ್‌ಎಕ್ಸ್ 580, 5700 ಎಕ್ಸ್‌ಟಿ, 6600, 6800, 6900 ಎಕ್ಸ್‌ಟಿ ಇವುಗಳಿಗೆ ಆಪಲ್ ಡ್ರೈವರ್ ಇದೆ. 6700 ಎಕ್ಸ್‌ಟಿಗೆ ಇಲ್ಲ. 7000 ಸರಣಿಗೆ ಇಲ್ಲ. ಎನ್‌ವಿಡಿಯಾ ಆರ್‌ಟಿಎಕ್ಸ್ ಯಾವುದಕ್ಕೂ ಇಲ್ಲ, ಬರುವ ದಾರಿಯೂ ಇಲ್ಲ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಆದರೆ ಡೆಸ್ಕ್‌ಟಾಪ್‌ನಲ್ಲಿ ಇಂಟೆಲ್ 10ನೇ ತಲೆಮಾರಿನವರೆಗೆ ಮಾತ್ರ.

ಇನ್ನೊಂದು ಸಂಗತಿ ಮಾಡೆಲ್ ಹೆಸರು. ಕಾನ್‌ಫಿಗ್ ಫೈಲಿನಲ್ಲಿ ಎಸ್‌ಎಂಬಯೋಸ್ ಎಂಬ ಕಡೆ ‘ನಾನು ಇಂಥ ಮ್ಯಾಕ್’ ಎಂದು ಬರೆದಿರುತ್ತದೆ. ಟಾಹೋ ಒಪ್ಪುವ ಇಂಟೆಲ್ ಮ್ಯಾಕ್‌ಗಳು ನಾಲ್ಕೇ: 2019ರ ಮ್ಯಾಕ್ ಪ್ರೊ, 2020ರ 27 ಇಂಚಿನ ಐಮ್ಯಾಕ್, 2019ರ 16 ಇಂಚಿನ ಮ್ಯಾಕ್‌ಬುಕ್ ಪ್ರೊ, ನಾಲ್ಕು ಥಂಡರ್‌ಬೋಲ್ಟ್ ಪೋರ್ಟ್ ಇರುವ 2020ರ 13 ಇಂಚಿನ ಮ್ಯಾಕ್‌ಬುಕ್ ಪ್ರೊ. ನಿಮ್ಮ ಕಾನ್‌ಫಿಗ್‌ನಲ್ಲಿ 2019ರ ಐಮ್ಯಾಕ್ ಅಂತ ಇದ್ದರೆ ಸಿಕೋಯಾವರೆಗೆ ನಡೆಯುತ್ತದೆ, ಟಾಹೋ ಸಿಗುವುದಿಲ್ಲ. ಮಾಡೆಲ್ ಬದಲಾಯಿಸಿದರೆ ಸೀರಿಯಲ್ ನಂಬರನ್ನೂ ಹೊಸದಾಗಿ ಮಾಡಬೇಕು. ಆಗ ಐಕ್ಲೌಡ್, ಐಮೆಸೇಜ್ ಮತ್ತೆ ಲಾಗಿನ್ ಕೇಳುತ್ತವೆ. ಚಿಕ್ಕ ಅಪ್‌ಡೇಟ್‌ಗಾಗಿ ಯಾವತ್ತೂ ಮಾಡೆಲ್ ಮುಟ್ಟಬೇಡಿ.

## ಬಟನ್ ಒತ್ತುವ ಮುಂಚೆ

ಮೊದಲ ಕೆಲಸ, ತಾನಾಗಿ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿ. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಸಾಫ್ಟ್‌ವೇರ್ ಅಪ್‌ಡೇಟ್. ಅಲ್ಲಿ ಮ್ಯಾಕ್‌ಒಎಸ್ ಅಪ್‌ಡೇಟ್ ತಾನಾಗಿ ಹಾಕಿಕೊಳ್ಳುವ ಆಯ್ಕೆಯನ್ನು ಆಫ್ ಮಾಡಿ. ಮಧ್ಯರಾತ್ರಿ ಯಂತ್ರ ತಾನೇ ರೀಸ್ಟಾರ್ಟ್ ಆಗಿ ಸಿಕ್ಕಿಹಾಕಿಕೊಳ್ಳುವುದು ಬೇಡ.

ಎರಡನೆಯದು ಬ್ಯಾಕಪ್. ಮ್ಯಾಕ್‌ಒಎಸ್‌ನಲ್ಲಿ ಹಿಂದಕ್ಕೆ ಹೋಗುವ ಬಟನ್ ಇಲ್ಲ. ಟಾಹೋ ಹಾಕಿ, ಇಷ್ಟವಾಗಲಿಲ್ಲ, ಸಿಕೋಯಾಗೆ ವಾಪಸ್ ಹೋಗಬೇಕು ಅಂದರೆ ಡಿಸ್ಕ್ ಅಳಿಸಿ ಹೊಸದಾಗಿ ಹಾಕಬೇಕು. ಆಗ ಉಳಿಯುವುದು ಬ್ಯಾಕಪ್ ಒಂದೇ. ಮ್ಯಾಕ್‌ಒಎಸ್‌ನದೇ ಟೈಮ್ ಮಷೀನ್ ಬಳಸಿ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಬ್ಯಾಕಪ್ ಮಾಡಿ, ಮುಗಿದ ಮೇಲೆ ಡಿಸ್ಕ್ ತೆಗೆದಿಡಿ. ಹೊಸ ಆವೃತ್ತಿ ಬಂದ ಮೇಲೆ ಅದೇ ಡಿಸ್ಕಿಗೆ ಬ್ಯಾಕಪ್ ಓಡಿಸಿದರೆ ಹಳೆಯದು, ಹೊಸದು ಎರಡೂ ಕಲಸಿಕೊಳ್ಳುತ್ತವೆ. ಟೈಮ್ ಮಷೀನ್ ಇಎಫ್‌ಐ ಪಾರ್ಟಿಷನ್ನನ್ನು ಉಳಿಸುವುದಿಲ್ಲ ಅನ್ನುವುದು ನೆನಪಿರಲಿ. ಅದನ್ನು ನೀವೇ ಕಾಪಿ ಮಾಡಿಕೊಳ್ಳಬೇಕು.

ಮೂರನೆಯದು ಹೊಸ ಇಎಫ್‌ಐ ಸಿದ್ಧಮಾಡುವುದು. ಇದರಲ್ಲೇ ಎಲ್ಲ ಇದೆ. ಇಲ್ಲಿ ಆತುರ ಬೇಡ.

ಎರಡು ಪೆನ್‌ಡ್ರೈವ್ ತೆಗೆದುಕೊಳ್ಳಿ. ಚಿಕ್ಕವಾದರೂ ಸಾಕು. ಡಿಸ್ಕ್ ಯುಟಿಲಿಟಿಯಲ್ಲಿ ಎರಡನ್ನೂ ಎಂಎಸ್-ಡಾಸ್ ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿ. ಮೌಂಟ್‌ಇಎಫ್‌ಐ ಎಂಬ ಚಿಕ್ಕ ಟೂಲ್‌ನಿಂದ ಡಿಸ್ಕಿನ ಇಎಫ್‌ಐ ಪಾರ್ಟಿಷನ್ ತೆರೆದು, ಈಗ ಕೆಲಸ ಮಾಡುತ್ತಿರುವ ಇಎಫ್‌ಐ ಫೋಲ್ಡರನ್ನು ಹಾಗೇ ಎರಡಕ್ಕೂ ಕಾಪಿ ಮಾಡಿ. ಒಂದರ ಮೇಲೆ ‘ಹಳೆಯದು’ ಅಂತ ಚೀಟಿ ಅಂಟಿಸಿ ಪಕ್ಕಕ್ಕಿಡಿ. ಅದನ್ನು ಇನ್ನು ಮುಟ್ಟಬೇಡಿ. ಬದಲಾವಣೆ ಎಲ್ಲ ಎರಡನೆಯದರಲ್ಲಿ.

ಎರಡನೇ ಪೆನ್‌ಡ್ರೈವ್‌ನಲ್ಲಿ ಕೆಕ್ಸ್ಟ್‌ಗಳನ್ನು ಒಂದೊಂದಾಗಿ ಹೊಸದಕ್ಕೆ ಬದಲಾಯಿಸಿ. ಆಯಾ ಕೆಕ್ಸ್ಟ್ ಬರೆದವರ ಪುಟದಿಂದಲೇ ತೆಗೆದುಕೊಳ್ಳಿ. ಯಾರೋ ತಮ್ಮ ಯಂತ್ರಕ್ಕೆ ಮಾಡಿಕೊಂಡ ಇಡೀ ಇಎಫ್‌ಐ ಫೋಲ್ಡರ್ ತಂದು ಹಾಕುವುದು ಬೇಡವೇ ಬೇಡ. ಅವರ ಮದರ್‌ಬೋರ್ಡ್ ಬೇರೆ, ನಿಮ್ಮದು ಬೇರೆ. ಅದರೊಳಗೆ ಏನಿದೆ ಅಂತಲೂ ಗೊತ್ತಿರುವುದಿಲ್ಲ. ಮ್ಯಾಕ್‌ಒಎಸ್‌ಗಿಂತ ಮೊದಲು ಓಡುವ ತಂತ್ರಾಂಶ ಅದು, ಯಾರನ್ನು ನಂಬುತ್ತೀರಿ ಅನ್ನುವುದು ಮುಖ್ಯ ಅಲ್ವಾ?

ಓಪನ್‌ಕೋರ್ ಬದಲಾಯಿಸುವಾಗ ಒಂದು ಎಚ್ಚರ ಬೇಕು. ಅದರ ಫೈಲುಗಳು ಮತ್ತು ಕಾನ್‌ಫಿಗ್ ಎರಡೂ ಒಂದೇ ಆವೃತ್ತಿಗೆ ಸೇರಿದವು ಆಗಿರಬೇಕು. ಹೊಸ ಆವೃತ್ತಿಯಲ್ಲಿ ಕೆಲವು ಸೆಟ್ಟಿಂಗ್ ಸೇರಿರುತ್ತವೆ, ಕೆಲವು ಹೋಗಿರುತ್ತವೆ. ಹೊಸ ಓಪನ್‌ಕೋರ್ ಜೊತೆ ಹಳೇ ಕಾನ್‌ಫಿಗ್ ಇಟ್ಟರೆ, ಶುರುವಿನಲ್ಲೇ ಕಪ್ಪು ಪರದೆಯ ಮೇಲೆ ‘ಓಸಿ’ ಎಂದು ಶುರುವಾಗುವ ದೋಷದ ಸಾಲುಗಳು ಬರುತ್ತವೆ. ಹೊಸ ಓಪನ್‌ಕೋರ್ ಜೊತೆ ಒಂದು ಮಾದರಿ ಕಾನ್‌ಫಿಗ್ ಬಂದಿರುತ್ತದೆ. ಅದನ್ನೂ ನಿಮ್ಮದನ್ನೂ ಪಕ್ಕಪಕ್ಕ ತೆರೆದು ಹೋಲಿಸಿ ತಿದ್ದಿ. ಪ್ರಾಪರ್‌ಟ್ರೀ ಎಂಬ ಎಡಿಟರ್ ಇದಕ್ಕೆ ಚೆನ್ನಾಗಿದೆ. ತಿದ್ದಿದ ಮೇಲೆ ಅದೇ ಆವೃತ್ತಿಯ ಜೊತೆ ಬರುವ ಓಸಿವ್ಯಾಲಿಡೇಟ್ ಟೂಲ್ ಓಡಿಸಿ. ದೋಷ ಇಲ್ಲ ಎಂದು ಅದು ಹೇಳುವವರೆಗೆ ಮುಂದೆ ಹೋಗಬೇಡಿ. ದೋರ್ತಾನಿಯಾ ಎಂಬ ಆನ್‌ಲೈನ್ ಗೈಡ್‌ನಲ್ಲಿ ಪ್ರತಿ ಪ್ರೊಸೆಸರ್ ತಲೆಮಾರಿಗೂ ಯಾವ ಸೆಟ್ಟಿಂಗ್ ಏಕೆ ಎಂದು ವಿವರಿಸಿದ್ದಾರೆ. ಅರ್ಥವಾಗದ ಸಾಲು ಸಿಕ್ಕಾಗ ಅಲ್ಲಿ ನೋಡಿ.

ಕಾನ್‌ಫಿಗ್‌ನಲ್ಲಿ ಪ್ರತಿ ಕೆಕ್ಸ್ಟ್‌ಗೂ ಮಿನ್‌ಕರ್ನಲ್, ಮ್ಯಾಕ್ಸ್‌ಕರ್ನಲ್ ಎಂಬ ಎರಡು ಖಾನೆ ಇರುತ್ತವೆ. ಬಹಳಷ್ಟು ಜನ ಖಾಲಿ ಬಿಟ್ಟಿರುತ್ತಾರೆ. ಇವು ತುಂಬಾ ಉಪಯೋಗಕ್ಕೆ ಬರುತ್ತವೆ. ಸೊನೋಮಾದ ಕರ್ನಲ್ ಸಂಖ್ಯೆ 23, ಸಿಕೋಯಾದ್ದು 24, ಟಾಹೋದ್ದು 25. ಸೊನೋಮಾದ ವೈಫೈ ಕೆಕ್ಸ್ಟ್‌ಗೆ ಮ್ಯಾಕ್ಸ್‌ಕರ್ನಲ್ ಖಾನೆಯಲ್ಲಿ 23.99.99 ಎಂದು ಬರೆದರೆ ಸಿಕೋಯಾದಲ್ಲಿ ಅದು ಲೋಡ್ ಆಗುವುದಿಲ್ಲ. ಸಿಕೋಯಾಗೆ ಬೇಕಾದ್ದಕ್ಕೆ ಮಿನ್‌ಕರ್ನಲ್ 24.0.0 ಎಂದು ಬರೆಯಿರಿ. ಒಂದೇ ಇಎಫ್‌ಐ ಎರಡೂ ಆವೃತ್ತಿಯನ್ನು ಏಳಿಸುತ್ತದೆ.

ಎಎಂಡಿ ರೈಜೆನ್ ಇದ್ದವರಿಗೆ ಇನ್ನೊಂದು ಹಂತ ಇದೆ. ಮ್ಯಾಕ್‌ಒಎಸ್ ಕರ್ನಲ್‌ಗೆ ಎಎಂಡಿ ಪ್ರೊಸೆಸರ್ ಗೊತ್ತೇ ಇಲ್ಲ. ಎಎಂಡಿ ವೆನಿಲಾ ಎಂಬ ಕರ್ನಲ್ ಪ್ಯಾಚ್‌ಗಳಿಂದ ಅದು ನಡೆಯುತ್ತಿದೆ. ಹೊಸ ಆವೃತ್ತಿಗೆ ಆ ಪ್ಯಾಚ್‌ಗಳು ಸಿದ್ಧವಾಗಿವೆ ಎಂದು ಖಾತ್ರಿ ಆಗುವವರೆಗೆ ಅಪ್‌ಗ್ರೇಡ್ ಮಾಡಬೇಡಿ. ಪ್ಯಾಚ್‌ನಲ್ಲಿ ನಿಮ್ಮ ಪ್ರೊಸೆಸರ್‌ನ ಕೋರ್ ಸಂಖ್ಯೆ ಬರೆಯುವ ಜಾಗ ಇದೆ. ಹೊಸ ಪ್ಯಾಚ್ ಹಾಕಿದಾಗ ಅದನ್ನು ಮತ್ತೆ ತುಂಬಬೇಕು.

ಎಲ್ಲ ಆದ ಮೇಲೆ ಪರೀಕ್ಷೆ. ಪೆನ್‌ಡ್ರೈವ್ ಸಿಕ್ಕಿಸಿ ರೀಸ್ಟಾರ್ಟ್ ಮಾಡಿ. ಬೂಟ್ ಮೆನುಗೆ ಗಿಗಾಬೈಟ್ ಬೋರ್ಡಿನಲ್ಲಿ ಎಫ್12, ಎಂಎಸ್ಐಯಲ್ಲಿ ಎಫ್11, ಆಸುಸ್‌ನಲ್ಲಿ ಎಫ್8. ಪೆನ್‌ಡ್ರೈವ್ ಆರಿಸಿ, ಈಗಿರುವ ಹಳೇ ಮ್ಯಾಕ್‌ಒಎಸ್‌ಗೆ ಹೋಗಿ. ಹೊಸ ಇಎಫ್‌ಐ, ಹಳೇ ಮ್ಯಾಕ್‌ಒಎಸ್. ಏಳಲಿಲ್ಲವಾ? ಪೆನ್‌ಡ್ರೈವ್ ಕಿತ್ತು ರೀಸ್ಟಾರ್ಟ್ ಮಾಡಿ. ಡಿಸ್ಕಿನಲ್ಲಿರುವ ಹಳೇ ಇಎಫ್‌ಐನಿಂದ ಯಂತ್ರ ಎಂದಿನಂತೆ ಏಳುತ್ತದೆ, ನಷ್ಟವೇನೂ ಇಲ್ಲ. ಎದ್ದರೆ ಒಂದೆರಡು ದಿನ ಹಾಗೇ ಕೆಲಸ ಮಾಡಿ. ಸೌಂಡ್, ವೈಫೈ, ಬ್ಲೂಟೂತ್, ಎಲ್ಲ ಯುಎಸ್‌ಬಿ ಪೋರ್ಟ್, ಸ್ಲೀಪ್‌ಗೆ ಹೋಗಿ ವಾಪಸ್ ಬರುವುದು ಎಲ್ಲ ನೋಡಿ. ಸರಿ ಅನ್ನಿಸಿದ ಮೇಲೆ ಅದನ್ನೇ ಡಿಸ್ಕಿನ ಇಎಫ್‌ಐ ಪಾರ್ಟಿಷನ್‌ಗೆ ಹಾಕಿ.

ಹೀಗೆ ಮಾಡುವುದರ ಲಾಭ ಇದು. ಎರಡು ಬದಲಾವಣೆಯನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಕೆಟ್ಟಿತು ಅಂತ ತಿಳಿಯುವುದಿಲ್ಲ. ಬಯೋಸ್ (ಮದರ್‌ಬೋರ್ಡಿನ ಫರ್ಮ್‌ವೇರ್) ಅಪ್‌ಡೇಟನ್ನು ಇದೇ ಸಮಯಕ್ಕೆ ಮಾಡಬಾರದು ಅನ್ನುವುದೂ ಇದೇ ಕಾರಣಕ್ಕೆ. ಬಯೋಸ್ ಬದಲಾದರೆ ಅಬೋವ್ 4ಜಿ ಡಿಕೋಡಿಂಗ್, ಸಿಎಫ್‌ಜಿ ಲಾಕ್, ಸೆಕ್ಯೂರ್ ಬೂಟ್ ಇಂಥ ಸೆಟ್ಟಿಂಗ್‌ಗಳು ಮೊದಲಿನ ಸ್ಥಿತಿಗೆ ಹೋಗಿಬಿಡುತ್ತವೆ.

## ಹೊಸದನ್ನು ಪಕ್ಕದಲ್ಲೇ ಹಾಕಿ ನೋಡುವುದು

ದೊಡ್ಡ ಅಪ್‌ಗ್ರೇಡ್‌ಗೆ ಇನ್ನೂ ಒಳ್ಳೆಯ ದಾರಿ ಇದೆ. ಮ್ಯಾಕ್‌ಒಎಸ್ ಬಳಸುವ ಎಪಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಒಂದೇ ಡಿಸ್ಕಿನ ಖಾಲಿ ಜಾಗವನ್ನು ಹಲವು ವಾಲ್ಯೂಮ್‌ಗಳು ಹಂಚಿಕೊಳ್ಳುತ್ತವೆ. ಮೊದಲೇ ಇಷ್ಟು ಜಿಬಿ ಅಂತ ಕತ್ತರಿಸಬೇಕಾಗಿಲ್ಲ. ಡಿಸ್ಕ್ ಯುಟಿಲಿಟಿಯಲ್ಲಿ ‘ಪರೀಕ್ಷೆ’ ಎಂಬ ಹೆಸರಿನ ಹೊಸ ವಾಲ್ಯೂಮ್ ಸೇರಿಸಿ. ಹೊಸ ಮ್ಯಾಕ್‌ಒಎಸ್‌ನ ಪೂರ್ತಿ ಇನ್‌ಸ್ಟಾಲರ್ ಇಳಿಸಿಕೊಂಡು ಆ ವಾಲ್ಯೂಮ್ ಮೇಲೆ ಹಾಕಿ. 60ರಿಂದ 100 ಜಿಬಿ ಖಾಲಿ ಜಾಗ ಇದ್ದರೆ ಆರಾಮ. ಹಳೆಯದು ಹಾಗೇ ಇರುತ್ತದೆ. ಹೊಸದು ಬೇಡ ಅನ್ನಿಸಿದರೆ ಆ ವಾಲ್ಯೂಮ್ ಅಳಿಸಿದರೆ ಆಯಿತು.

ಪರೀಕ್ಷೆಯ ವಾಲ್ಯೂಮ್‌ನಿಂದ ನಿಮ್ಮ ಅಸಲಿ ಫೋಟೋಸ್ ಲೈಬ್ರರಿ ಅಥವಾ ಫೈನಲ್ ಕಟ್ ಲೈಬ್ರರಿ ತೆರೆಯಬೇಡಿ. ಹೊಸ ಆವೃತ್ತಿಯ ಆ್ಯಪ್ ಅದನ್ನು ಹೊಸ ರೂಪಕ್ಕೆ ಬದಲಾಯಿಸುತ್ತದೆ. ಆಮೇಲೆ ಹಳೇ ಆ್ಯಪ್‌ನಲ್ಲಿ ಅದು ತೆರೆಯುವುದಿಲ್ಲ. ಮದುವೆ ವಿಡಿಯೋ ಅರ್ಧ ಎಡಿಟ್ ಆಗಿರುವಾಗ ಹೀಗಾದರೆ ಬಹಳ ಕಷ್ಟ. ನೋಡಲೇಬೇಕಿದ್ದರೆ ಕಾಪಿ ಮಾಡಿಕೊಂಡು ಕಾಪಿಯನ್ನು ತೆರೆಯಿರಿ.

## ಅಪ್‌ಡೇಟ್ ಓಡುವಾಗ

ಕರೆಂಟ್ ನೆಟ್ಟಗಿರುವ ಹೊತ್ತು ನೋಡಿ ಶುರುಮಾಡಿ. ಯುಪಿಎಸ್ ಇದ್ದರೂ ಅದು ಕೆಲವು ನಿಮಿಷಕ್ಕೆ ಸಾಕು, ಗಂಟೆಗಟ್ಟಲೆ ಬರುವುದಿಲ್ಲ.

ಮೊದಲು ಮ್ಯಾಕ್‌ಒಎಸ್ ಒಳಗೇ ಇಳಿಸುವ, ಸಿದ್ಧಪಡಿಸುವ ಹಂತ. ಆಮೇಲೆ ರೀಸ್ಟಾರ್ಟ್. ಇಲ್ಲಿ ಓಪನ್‌ಕೋರ್ ಪಟ್ಟಿಯನ್ನು ಗಮನಿಸಿ. ನಿಮ್ಮ ಡಿಸ್ಕಿನ ಹೆಸರಿನ ಜೊತೆ ‘ಮ್ಯಾಕ್‌ಒಎಸ್ ಇನ್‌ಸ್ಟಾಲರ್’ ಎಂಬ ಹೊಸ ಐಕಾನ್ ಬಂದಿರುತ್ತದೆ. ಅದು ಆಯ್ಕೆಯಾಗಬೇಕು. ಸಾಮಾನ್ಯವಾಗಿ ತಾನಾಗೇ ಆಗುತ್ತದೆ. ವಿಂಡೋಸ್ ಕೂಡ ಇರುವ ಯಂತ್ರದಲ್ಲಿ ಕೆಲವೊಮ್ಮೆ ವಿಂಡೋಸ್‌ಗೆ ಹೋಗಿಬಿಡುತ್ತದೆ. ಹೋದರೆ ಗಾಬರಿ ಬೇಡ. ರೀಸ್ಟಾರ್ಟ್ ಮಾಡಿ ಇನ್‌ಸ್ಟಾಲರ್ ಆರಿಸಿ.

ಯಂತ್ರ ಹಲವು ಸಲ ರೀಸ್ಟಾರ್ಟ್ ಆಗುತ್ತದೆ. ಪ್ರತಿ ಸಲವೂ ಪಟ್ಟಿ ನೋಡಿ. ಇನ್‌ಸ್ಟಾಲರ್ ಇದ್ದರೆ ಅದನ್ನೇ ಆರಿಸಿ, ಅದು ಮಾಯವಾದ ಮೇಲೆ ಡಿಸ್ಕಿನ ಹೆಸರನ್ನು ಆರಿಸಿ. ಪರದೆಯ ಮೇಲೆ ಉಳಿದ ನಿಮಿಷ ಒಂದೇ ಕಡೆ ತುಂಬಾ ಹೊತ್ತು ನಿಲ್ಲಬಹುದು. ಕೆಲವು ಎನ್‌ವಿಎಂಇ ಡಿಸ್ಕ್‌ಗಳಲ್ಲಿ ಬೂಟ್ ಆಗುವುದೇ ನಿಧಾನ. ಅರ್ಧ ಗಂಟೆ ಅಲುಗಾಡಲಿಲ್ಲ ಅಂತ ಪವರ್ ಬಟನ್ ಒತ್ತಬೇಡಿ, ಇನ್ನೂ ಸ್ವಲ್ಪ ಕಾಯಿರಿ.

ನಿಜವಾಗಿಯೂ ನಿಂತಿದೆಯಾ ಎಂದು ತಿಳಿಯಲು ವರ್ಬೋಸ್ ಮೋಡ್ ಇದೆ. ಕಾನ್‌ಫಿಗ್‌ನ ಬೂಟ್ ಆರ್ಗ್ಯುಮೆಂಟ್ ಸಾಲಿನಲ್ಲಿ ಒಂದು ಅಡ್ಡಗೆರೆ, ಅದಕ್ಕೆ ಅಂಟಿಕೊಂಡು ಇಂಗ್ಲಿಷ್‌ನ ಸಣ್ಣ ‘ವಿ’ ಅಕ್ಷರ ಸೇರಿಸಿ. ಆಪಲ್ ಲೋಗೋ ಬದಲು ಬಿಳಿ ಅಕ್ಷರಗಳ ಸಾಲುಗಳು ಓಡುತ್ತವೆ. ನಿಂತ ಜಾಗವನ್ನು ಫೋನಿನಲ್ಲಿ ಫೋಟೋ ತೆಗೆಯಿರಿ. ಕೊನೆಯ ಸಾಲೇ ತಪ್ಪಿನ ಸಾಲು ಅಂತ ತಿಳಿಯಬೇಡಿ. ಅದು ಕೊನೆಗೆ ಸರಿಯಾಗಿ ಆದ ಕೆಲಸವೂ ಇರಬಹುದು, ತಪ್ಪು ಅದರ ನಂತರದ್ದೋ ನಾಲ್ಕು ಸಾಲು ಮೇಲಿನದ್ದೋ ಆಗಿರುತ್ತದೆ. ಅಪ್‌ಡೇಟ್ ಮಾಡುವ ಮುಂಚೆಯೇ ಇದನ್ನು ಆನ್ ಮಾಡಿಟ್ಟುಕೊಂಡರೆ ಒಳ್ಳೆಯದು.

## ರೂಟ್ ಪ್ಯಾಚ್ ಹಾಕಿಕೊಂಡವರು

ಆಪಲ್ ಕಿತ್ತುಹಾಕಿದ ಡ್ರೈವರನ್ನು ಮತ್ತೆ ಮ್ಯಾಕ್‌ಒಎಸ್ ಒಳಗೆ ಸೇರಿಸುವುದಕ್ಕೆ ರೂಟ್ ಪ್ಯಾಚ್ ಅನ್ನುತ್ತಾರೆ. ಓಪನ್‌ಕೋರ್ ಲೆಗಸಿ ಪ್ಯಾಚರ್ ಎಂಬ ಟೂಲ್ ಇದನ್ನು ಮಾಡುತ್ತದೆ. ಅದು ಹುಟ್ಟಿದ್ದು ಆಪಲ್ ಕೈಬಿಟ್ಟ ಹಳೇ ಅಸಲಿ ಮ್ಯಾಕ್‌ಗಳಿಗಾಗಿ. ಹ್ಯಾಕಿಂತೋಶ್‌ನವರೂ ಬ್ರಾಡ್‌ಕಾಮ್ ವೈಫೈಗಾಗಿ ಬಳಸುತ್ತಾರೆ. ಮಾಡಿದವರು ಹ್ಯಾಕಿಂತೋಶ್‌ಗೆ ಬೆಂಬಲ ಕೊಡುವುದಿಲ್ಲ.

ಇದರಿಂದ ಅಪ್‌ಡೇಟ್ ಮೇಲೆ ಏನು ಪರಿಣಾಮ? 2020ರ ಬಿಗ್ ಸರ್‌ನಿಂದ ಮ್ಯಾಕ್‌ಒಎಸ್‌ನ ಸಿಸ್ಟಮ್ ಭಾಗ ಸೀಲ್ ಆಗಿರುತ್ತದೆ. ಒಂದು ಫೈಲ್ ಬದಲಾದರೂ ಸೀಲ್ ಒಡೆದದ್ದು ಗೊತ್ತಾಗುತ್ತದೆ. ರೂಟ್ ಪ್ಯಾಚ್ ಹಾಕಬೇಕಾದರೆ ಆ ಸೀಲ್ ಒಡೆಯಲೇಬೇಕು, ಜೊತೆಗೆ ಕೆಲವು ರಕ್ಷಣೆಗಳನ್ನು ಸಡಿಲಿಸಬೇಕು. ಸೀಲ್ ಒಡೆದ ಮೇಲೆ ಸಣ್ಣ ಅಪ್‌ಡೇಟ್ ಕೂಡ ಪೂರ್ತಿ ಗಾತ್ರದಲ್ಲಿ ಬರುತ್ತದೆ. ಒಂದೆರಡು ಜಿಬಿ ಬದಲು ಹತ್ತು ಜಿಬಿ ದಾಟಬಹುದು. ಮೊಬೈಲ್ ಡೇಟಾದಲ್ಲಿ ಮಾಡುವವರು ನೋಡಿಕೊಳ್ಳಿ.

ಅಪ್‌ಡೇಟ್ ಮುಗಿದಾಗ ಹೊಸ, ಸೀಲ್ ಆದ ಸಿಸ್ಟಮ್ ಬಂದಿರುತ್ತದೆ. ಪ್ಯಾಚ್ ಹೋಗಿರುತ್ತದೆ, ಅದರ ಜೊತೆ ವೈಫೈಯೂ. ಪ್ಯಾಚರನ್ನು ಮತ್ತೆ ಓಡಿಸಬೇಕು. ಅದಕ್ಕೆ ಇಂಟರ್‌ನೆಟ್ ಬೇಕಾಗಬಹುದು. ಹಾಗಾಗಿ ಲ್ಯಾನ್ ಕೇಬಲ್ ಹತ್ತಿರ ಇಟ್ಟುಕೊಳ್ಳಿ, ಪ್ಯಾಚರ್‌ನ ಹೊಸ ಆವೃತ್ತಿಯನ್ನು ಮೊದಲೇ ಇಳಿಸಿಕೊಳ್ಳಿ. ದೊಡ್ಡ ಅಪ್‌ಗ್ರೇಡ್ ಆದರೆ ಪ್ಯಾಚರ್ ಅದಕ್ಕೆ ಸಿದ್ಧವಾಗಿದೆಯಾ ಅಂತ ನೋಡಿದ ಮೇಲೆ ಮಾತ್ರ ಮುಂದುವರಿಯಿರಿ.

ಟಾಹೋದ ಸೌಂಡ್‌ಗೆ ರೂಟ್ ಪ್ಯಾಚ್ ಇಲ್ಲದ ದಾರಿ ಒಂದಿದೆ. ಯುಎಸ್‌ಬಿ ಸೌಂಡ್ ಅಡಾಪ್ಟರ್ ಅಥವಾ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಬೇರೆ ಡ್ರೈವರ್ ಬಳಸುತ್ತದೆ. ಅದು ಉಳಿದಿದೆ. ಸೀಲ್ ಒಡೆಯುವುದಕ್ಕಿಂತ ಒಂದು ಚಿಕ್ಕ ಅಡಾಪ್ಟರ್ ಕೊಳ್ಳುವುದು ನನಗೆ ಸರಿ ಕಾಣುತ್ತದೆ.

## ಅಪ್‌ಡೇಟೇ ಕಾಣಿಸದಿದ್ದರೆ

ಕೆಲವರಿಗೆ ತೊಂದರೆ ಉಲ್ಟಾ. ಅಪ್‌ಡೇಟ್ ಬಂದಿದೆ ಎಂದು ಸುದ್ದಿ, ಯಂತ್ರದಲ್ಲಿ ‘ಎಲ್ಲ ಹೊಸದೇ ಇದೆ’ ಎಂದು ತೋರಿಸುತ್ತದೆ. ಟಿ2 ಎಂಬ ಭದ್ರತಾ ಚಿಪ್ ಇರುವ ಮ್ಯಾಕ್ ಮಾಡೆಲನ್ನು ನೀವು ಎಸ್‌ಎಂಬಯೋಸ್‌ನಲ್ಲಿ ಬರೆದಿದ್ದು, ಆ ಚಿಪ್ ಇಲ್ಲದಿದ್ದಾಗ ಹೀಗಾಗುತ್ತದೆ. ಟಾಹೋ ಒಪ್ಪುವ ಇಂಟೆಲ್ ಮಾಡೆಲ್‌ಗಳೆಲ್ಲ ಟಿ2 ಇರುವಂಥವೇ. ರಿಸ್ಟ್ರಿಕ್ಟ್‌ಇವೆಂಟ್ಸ್ ಎಂಬ ಕೆಕ್ಸ್ಟ್ ಸೇರಿಸಿ, ಅದರ ಎಸ್‌ಬಿವಿಎಂಎಂ ಆಯ್ಕೆಯನ್ನು ಬೂಟ್ ಆರ್ಗ್ಯುಮೆಂಟ್‌ನಲ್ಲಿ ಬರೆದರೆ ಅಪ್‌ಡೇಟ್ ಕಾಣಿಸಿಕೊಳ್ಳುತ್ತದೆ.

## ಎಲ್ಲಿ ನಿಲ್ಲುವುದು

ಆಪಲ್ ಸಾಮಾನ್ಯವಾಗಿ ಹೊಸ ಆವೃತ್ತಿ ಮತ್ತು ಅದರ ಹಿಂದಿನ ಎರಡಕ್ಕೆ ಭದ್ರತಾ ಅಪ್‌ಡೇಟ್ ಕೊಡುತ್ತಾ ಬಂದಿದೆ. ಇದು ರೂಢಿ, ಲಿಖಿತ ಭರವಸೆ ಏನಲ್ಲ. ಈ ಲೆಕ್ಕದಲ್ಲಿ ಸಿಕೋಯಾದಲ್ಲಿ ಇರುವವರು ಟಾಹೋಗೆ ಓಡಿಹೋಗಬೇಕಾದ ಆತುರ ಇಲ್ಲ. 15ರ ಸರಣಿಯ ಚಿಕ್ಕ ಅಪ್‌ಡೇಟ್‌ಗಳನ್ನು ಮಾತ್ರ ಹಾಕುತ್ತಾ ಇರಬಹುದು. ಸಾಫ್ಟ್‌ವೇರ್ ಅಪ್‌ಡೇಟ್ ಪುಟ ಟಾಹೋವನ್ನು ದೊಡ್ಡದಾಗಿ ಮುಂದಿಡುತ್ತದೆ. ಸಿಕೋಯಾದ ಅಪ್‌ಡೇಟ್ ಅದರ ಕೆಳಗೆ ಚಿಕ್ಕದಾಗಿ ಇರುತ್ತದೆ. ಅದನ್ನು ಹುಡುಕಿ ಆರಿಸಿಕೊಳ್ಳಿ.

ಬ್ರಾಡ್‌ಕಾಮ್ ಕಾರ್ಡ್ ಇದ್ದು ಏರ್‌ಡ್ರಾಪ್ ಬೇಕೇ ಬೇಕು ಅನ್ನುವವರು ಕೆಲವರು ವೆಂಚುರಾದಲ್ಲೇ ನಿಂತಿದ್ದಾರೆ. ಅದರ ಸಂಖ್ಯೆ 13, ಬಂದಿದ್ದು 2022ರಲ್ಲಿ. ಯಂತ್ರ ಚೆನ್ನಾಗಿ ನಡೆಯುತ್ತದೆ. ಭದ್ರತಾ ಅಪ್‌ಡೇಟ್ ಮಾತ್ರ ಬರುತ್ತಿಲ್ಲ. ಅಂಥದ್ದರಲ್ಲಿ ಬ್ಯಾಂಕ್ ಕೆಲಸ, ಯುಪಿಐ, ಮುಖ್ಯ ಇಮೇಲ್ ಬೇಡ. ಆಡಿಯೋ ರೆಕಾರ್ಡಿಂಗ್ ಅಥವಾ ಎಡಿಟಿಂಗ್‌ಗೆ ಮೀಸಲಾಗಿ ಇಟ್ಟು, ಬೇಕಾದಾಗ ಮಾತ್ರ ಇಂಟರ್‌ನೆಟ್ ಕೊಟ್ಟರೆ ಸರಿ.

ಟಾಹೋ ಹಾಕಿದವರಿಗೂ ಭದ್ರತಾ ಅಪ್‌ಡೇಟ್‌ಗಳು ಇನ್ನೂ ಕೆಲಕಾಲ ಬರುತ್ತವೆ. ಅವೆಲ್ಲ ಚಿಕ್ಕ ಅಪ್‌ಡೇಟ್‌ಗಳೇ. ಪೆನ್‌ಡ್ರೈವ್‌ನಲ್ಲಿ ಪರೀಕ್ಷೆ ಮಾಡುವ ಕ್ರಮ ಅಲ್ಲೂ ಅದೇ. 26ರ ನಂತರದ ಮ್ಯಾಕ್‌ಒಎಸ್ ಇಂಟೆಲ್ ಮೇಲೆ ನಡೆಯುವುದಿಲ್ಲ. ಅದರಲ್ಲಿ ಇಂಟೆಲ್ ಯಂತ್ರಕ್ಕೆ ಬೇಕಾದ ಕರ್ನಲ್ಲೇ ಇರುವುದಿಲ್ಲವಾದ್ದರಿಂದ ಓಪನ್‌ಕೋರ್‌ನಿಂದಲೂ ದಾರಿ ಮಾಡಿಕೊಡಲು ಆಗುವುದಿಲ್ಲ. ಆದರೆ ಜೋಡಿಸಿದ ಪಿಸಿ ಎಲ್ಲಿಗೂ ಹೋಗುವುದಿಲ್ಲ. ಅದೇ ಪ್ರೊಸೆಸರ್, ಅದೇ ಗ್ರಾಫಿಕ್ಸ್ ಕಾರ್ಡ್ ಮೇಲೆ ಲಿನಕ್ಸ್ ಅಥವಾ ವಿಂಡೋಸ್ ನಡೆಯುತ್ತದೆ. ಡಾವಿಂಚಿ ರಿಸಾಲ್ವ್, ಬ್ಲೆಂಡರ್ ಮೂರೂ ಕಡೆ ಸಿಗುತ್ತವೆ. ಆಪಲ್‌ನದೇ ಆದ ಫೈನಲ್ ಕಟ್ (ವಿಡಿಯೋ) ಮತ್ತು ಲಾಜಿಕ್ (ಸಂಗೀತ) ಲಿನಕ್ಸ್, ವಿಂಡೋಸ್‌ಗೆ ಸಿಗುವುದಿಲ್ಲ. ಆ ಎರಡರಲ್ಲಿ ಹಳೇ ಪ್ರಾಜೆಕ್ಟ್ ಜಾಸ್ತಿ ಇರುವವರು, ಯಂತ್ರ ಇನ್ನೂ ಏಳುತ್ತಿರುವಾಗಲೇ ಮುಗಿದ ವಿಡಿಯೋಗಳನ್ನು ಒಳ್ಳೆಯ ಗುಣಮಟ್ಟದಲ್ಲಿ ಹೊರತೆಗೆದು, ಹಾಡಿನ ಟ್ರ್ಯಾಕ್‌ಗಳನ್ನು ಬಿಡಿ ಡಬ್ಲ್ಯೂಎವಿ ಫೈಲುಗಳಾಗಿ ಹೊರಗಿನ ಡಿಸ್ಕಿಗೆ ಹಾಕಿಟ್ಟುಕೊಳ್ಳಿ.